ಹದಿನಾರರಲ್ಲಿ ಆದ ಕೇಸನ್ನು ಸೇನೆಯ ಫಾರ್ಮ್‌ನಲ್ಲಿ ಬರೆಯಬೇಕೇ?

ಪ್ರಶ್ನೆ: ಮೇಡಂ, ನಾವು ಗೋಕಾಕ ತಾಲ್ಲೂಕಿನವರು. ನನ್ನ ತಮ್ಮನಿಗೆ ಈಗ 19 ವರ್ಷ. ಅಗ್ನಿವೀರ ಆನ್‌ಲೈನ್ ಪರೀಕ್ಷೆ ಪಾಸಾಗಿದ್ದಾನೆ, ರ‍್ಯಾಲಿಯಲ್ಲಿ ಓಟವೂ ಆಗಿದೆ. ಅವನು 16 ವರ್ಷದವನಿದ್ದಾಗ ಊರ ಜಾತ್ರೆಯಲ್ಲಿ ಜಗಳವಾಯಿತು. ನಮ್ಮ ದೊಡ್ಡಪ್ಪನ ಇಬ್ಬರು ಮಕ್ಕಳ ಜೊತೆ ಇವನ ಹೆಸರೂ ಎಫ್‌ಐಆರ್‌ನಲ್ಲಿ ಬಂತು. ಹೊಡೆದು ಗಾಯ ಮಾಡಿದ್ದು, ಆಯುಧದಿಂದ ಗಾಯ ಮಾಡಿದ್ದು, ಅವಮಾನಿಸಿ ಕೆರಳಿಸಿದ್ದು ಅಂತ ಕಲಂ 323, 324, 504 ಹಾಕಿದ್ದರು. ಇವನನ್ನು ಬಾಲ ನ್ಯಾಯ ಮಂಡಳಿಯ ಮುಂದೆ ಕರೆದೊಯ್ದರು. ಅಲ್ಲಿ ಬುದ್ಧಿ ಹೇಳಿ ಕಳಿಸಿದರು. ಅಣ್ಣಂದಿರ ಕೇಸು ಮಾತ್ರ ಕೋರ್ಟಿನಲ್ಲಿ ಇನ್ನೂ ನಡೆದಿದೆ. ಭರ್ತಿ ಫಾರ್ಮ್‌ನಲ್ಲಿ ಪೊಲೀಸ್ ಕೇಸಿನ ಬಗ್ಗೆ ಕೇಳುತ್ತಾರಂತೆ. ಕೋಚಿಂಗ್‌ನವರು ‘ಸುಮ್ನೆ ಇಲ್ಲ ಅಂತ ಬರಿ’ ಅನ್ನುತ್ತಾರೆ. ನಮ್ಮ ಮಾವ ‘ಹೇಳಿದರೆ ಮನೆಗೆ ಕಳಿಸ್ತಾರೆ, ಹೇಳದಿದ್ದರೆ ಜೈಲಿಗೆ ಕಳಿಸ್ತಾರೆ’ ಅನ್ನುತ್ತಾರೆ. ಏನು ಮಾಡುವುದು?

ಉತ್ತರ: ಮೊದಲು ನಿಮ್ಮ ಮನೆಯವರಿಗೆ ಧೈರ್ಯ ಹೇಳಿ. ಈ ಒಂದು ಕಾರಣಕ್ಕೆ ನಿಮ್ಮ ತಮ್ಮ ಸೇನೆಗೆ ಅನರ್ಹ ಆಗುವುದಿಲ್ಲ. ಕಾನೂನು ಅವನ ಪರವಾಗಿದೆ, ತುಂಬ ಗಟ್ಟಿಯಾಗಿಯೇ ಇದೆ. ಆದರೆ ಕೋಚಿಂಗ್‌ನವರು ಹೇಳಿದಂತೆ ‘ಇಲ್ಲ’ ಅಂತ ಬರೆದು ಬಿಟ್ಟರೆ, ಅವನ ಪರವಾಗಿರುವ ಕಾನೂನನ್ನು ಅವನೇ ಕೈಯಾರೆ ದುರ್ಬಲ ಮಾಡಿಕೊಂಡ ಹಾಗಾಗುತ್ತದೆ. ಹಾಗಾಗಿ ನನ್ನ ಉತ್ತರ ಇಷ್ಟು: ಮಂಡಳಿಯ ಆದೇಶದ ಪ್ರತಿಯನ್ನು ಮೊದಲು ಕೈಗೆ ತನ್ನಿ. ಫಾರ್ಮ್‌ನಲ್ಲಿ ಏನು ಕೇಳಿದ್ದಾರೋ ಅದನ್ನು ಸರಿಯಾಗಿ ಓದಿ. ಕೇಳಿದ್ದಕ್ಕೆ ನಿಜವನ್ನೇ, ಎರಡು ಮೂರು ಸಾಲಿನಲ್ಲಿ, ಆದೇಶದ ಪ್ರತಿ ಲಗತ್ತಿಸಿ ಬರೆಯಿರಿ. ಯಾಕೆ ಹೀಗೆ ಹೇಳುತ್ತಿದ್ದೇನೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಬೆಳಗಾವಿ, ಬಾಗಲಕೋಟೆ, ಧಾರವಾಡದ ಕಡೆಯಿಂದ ಸೇನೆಗೆ ಓಡಾಡುವ ಹುಡುಗರು ಬಹಳ. ಜಾತ್ರೆ ಜಗಳ, ಗದ್ದೆ ಬದುವಿನ ಜಗಳದಲ್ಲಿ ಹೆಸರು ಸಿಕ್ಕಿಕೊಂಡವರೂ ಅವರಲ್ಲಿ ಇದ್ದಾರೆ. ಅವರಿಗೂ ಇದು ಬೇಕಾಗಬಹುದು.

ಹದಿನೆಂಟು ತುಂಬದವರು ತಪ್ಪು ಮಾಡಿದರೆ ಅದನ್ನು ನೋಡುವ ಕಾನೂನು ಬೇರೆಯೇ. 2015ರ ಬಾಲ ನ್ಯಾಯ ಕಾಯ್ದೆ ಅದು. 2016ರ ಜನವರಿ 15ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು 2000ದ ಕಾಯ್ದೆ ಇತ್ತು. ಎರಡರಲ್ಲೂ ಒಂದು ಮುಖ್ಯ ಮಾತಿದೆ: ಈ ಕಾಯ್ದೆಯಡಿ ವಿಚಾರಣೆಯಾದ ಮಗುವಿಗೆ, ತಪ್ಪು ಮಾಡಿದ್ದಾನೆ ಅಂತ ತೀರ್ಮಾನವಾದರೂ, ಶಿಕ್ಷೆಯಾದವರಿಗೆ ಅಂಟುವ ಯಾವ ಅನರ್ಹತೆಯೂ ಅಂಟುವುದಿಲ್ಲ. ಈಗಿನ ಕಾಯ್ದೆಯಲ್ಲಿ ಇದು ಕಲಂ 24. ‘ಬೇರೆ ಯಾವ ಕಾನೂನಿನಲ್ಲಿ ಏನೇ ಇದ್ದರೂ’ ಅಂತಲೇ ಆ ಕಲಂ ಶುರುವಾಗುತ್ತದೆ. ಅಂದರೆ ಯಾವುದೋ ನೇಮಕಾತಿ ನಿಯಮ ತೋರಿಸಿ ಇದನ್ನು ಪಕ್ಕಕ್ಕೆ ಸರಿಸಲು ಬರುವುದಿಲ್ಲ. ಕಾಯ್ದೆಯ ಕಲಂ 3ರಲ್ಲಿ ಮೂಲ ತತ್ವಗಳನ್ನು ಕೊಟ್ಟಿದ್ದಾರೆ. ಮಗುವಿನ ಹಿಂದಿನ ದಾಖಲೆಗಳನ್ನೆಲ್ಲ ಅಳಿಸಿ ಹೊಸದಾಗಿ ಬದುಕಲು ಬಿಡಬೇಕು ಅನ್ನುವುದು ಅವುಗಳಲ್ಲಿ ಒಂದು.

ಇದಕ್ಕೆ ಒಂದು ಅಪವಾದ ಇದೆ. 16 ದಾಟಿದ ಹುಡುಗ ಘೋರ ಅಪರಾಧ ಮಾಡಿ, ಮಕ್ಕಳ ನ್ಯಾಯಾಲಯ ಅವನನ್ನು ದೊಡ್ಡವರಂತೆ ವಿಚಾರಣೆ ಮಾಡಿ ತಪ್ಪಿತಸ್ಥ ಅಂದಿದ್ದರೆ ಈ ರಕ್ಷಣೆ ಇಲ್ಲ. ಘೋರ ಅಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇರುವ ಅಪರಾಧ. ನಿಮ್ಮ ತಮ್ಮನ ಕೇಸು ಅದರ ಹತ್ತಿರಕ್ಕೂ ಬರುವುದಿಲ್ಲ. ಹಳೆಯ ದಂಡ ಸಂಹಿತೆಯ 323ಕ್ಕೆ ಗರಿಷ್ಠ ಒಂದು ವರ್ಷ, 504ಕ್ಕೆ ಎರಡು ವರ್ಷ, 324ಕ್ಕೆ ಮೂರು ವರ್ಷ. ಮೂರು ವರ್ಷದವರೆಗಿನದೆಲ್ಲ ಈ ಕಾಯ್ದೆಯ ಲೆಕ್ಕದಲ್ಲಿ ಸಣ್ಣ ಅಪರಾಧ.

ಇಲ್ಲಿ ಬೇರೆ ಓದುಗರಿಗಾಗಿ ಒಂದು ಮಾತು. ನಮ್ಮಲ್ಲಿ ಹೊಡೆದಾಟವಾದರೆ ಕೊಲೆಯತ್ನದ 307 ಹಾಕುವುದು ಅಪರೂಪವಲ್ಲ. ಅದನ್ನು ನೋಡಿದ ಕೂಡಲೇ ಮನೆಯವರು ಕಂಗಾಲಾಗುತ್ತಾರೆ. ಆ ಕಲಂಗೆ ಗರಿಷ್ಠ ಶಿಕ್ಷೆ ದೊಡ್ಡದು, ನಿಜ. ಆದರೆ ಏಳು ವರ್ಷದ ಕನಿಷ್ಠ ಶಿಕ್ಷೆ ಅದಕ್ಕಿಲ್ಲ. ಇಂಥ ಅಪರಾಧ ‘ಘೋರ’ದ ಗುಂಪಿಗೆ ಸೇರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಹೇಳಿತು. 2021ರ ತಿದ್ದುಪಡಿಯಲ್ಲಿ ಅದನ್ನು ಕಾಯ್ದೆಗೇ ಸೇರಿಸಿದರು. ಹಾಗಾಗಿ 307 ಕಂಡ ಮಾತ್ರಕ್ಕೆ ಹುಡುಗನ ಭವಿಷ್ಯ ಮುಗಿಯಿತು ಅಂದುಕೊಳ್ಳಬೇಡಿ.

ಈಗ ನಿಮ್ಮ ತಮ್ಮನ ವಿಷಯ. ‘ಬುದ್ಧಿ ಹೇಳಿ ಕಳಿಸಿದರು’ ಅಂತ ಬರೆದಿದ್ದೀರಿ. ಮನೆಯವರಿಗೆ ಅಷ್ಟೇ ನೆನಪಿರುತ್ತದೆ. ಆದರೆ ಆ ದಿನ ಮಂಡಳಿ ಬರೆದ ಆದೇಶ ಯಾವುದು ಅನ್ನುವುದು ಬಹಳ ಮುಖ್ಯ. ಮೂರು ಬಗೆಯಲ್ಲಿ ಒಂದಾಗಿರಬಹುದು. ಹುಡುಗ ಯಾವ ತಪ್ಪೂ ಮಾಡಿಲ್ಲ ಅಂತ ಮಂಡಳಿಗೆ ಅನ್ನಿಸಿದರೆ ಕಲಂ 17ರಲ್ಲಿ ಆದೇಶ ಮಾಡುತ್ತದೆ. ತಪ್ಪು ಮಾಡಿದ್ದಾನೆ, ಆದರೆ ಎಚ್ಚರಿಕೆ ಕೊಟ್ಟು ಮನೆಗೆ ಕಳಿಸಿದರೆ ಸಾಕು ಅನ್ನಿಸಿದರೆ ಕಲಂ 18ರಲ್ಲಿ ಮಾಡುತ್ತದೆ. ಮೂರನೆಯದು, ಸಣ್ಣ ಅಪರಾಧದ ವಿಚಾರಣೆ ನಾಲ್ಕು ತಿಂಗಳಲ್ಲಿ, ಮತ್ತೆ ಎರಡು ತಿಂಗಳ ಹೆಚ್ಚುವರಿ ಅವಧಿ ಕೊಟ್ಟರೂ ಮುಗಿಯದಿದ್ದರೆ, ಅಲ್ಲಿಗೇ ಕೊನೆಗೊಳ್ಳಬೇಕು ಅಂತ ಕಲಂ 14 ಹೇಳುತ್ತದೆ. ಮೂರರಲ್ಲಿ ಯಾವುದೇ ಆದರೂ ಅನರ್ಹತೆ ಇಲ್ಲ. ಆದರೆ ಕಲಂ 17ರ ಆದೇಶವಾಗಿದ್ದರೆ ಅವನು ‘ತಪ್ಪಿಲ್ಲ ಅಂತ ತೀರ್ಮಾನವಾಗಿದೆ’ ಅಂತಲೇ ಬರೆಯಬಹುದು. ಅದನ್ನು ತಿಳಿಯದೆ ‘ಬುದ್ಧಿ ಹೇಳಿ ಬಿಟ್ಟರು’ ಅಂತ ಬರೆದರೆ ತನಗೆ ತಾನೇ ಅನ್ಯಾಯ ಮಾಡಿಕೊಂಡಂತೆ, ಅಲ್ವಾ?

ಹಾಗಾಗಿ ಮಂಡಳಿಗೆ ಹೋಗಿ ಆದೇಶದ ದೃಢೀಕೃತ ಪ್ರತಿಗೆ ಅರ್ಜಿ ಕೊಡಿ. ಅದರ ಜೊತೆಗೇ ಇನ್ನೊಂದು ಅರ್ಜಿ ಕೊಡಿ. ಇದನ್ನು ಬಹಳ ಜನ ಮಾಡುವುದಿಲ್ಲ, ಮಾಡಬಹುದು ಅನ್ನುವುದೇ ಗೊತ್ತಿರುವುದಿಲ್ಲ. ಕಲಂ 24ರ ಎರಡನೇ ಭಾಗದ ಪ್ರಕಾರ, ಇಂಥ ದಾಖಲೆಗಳನ್ನು ನಾಶ ಮಾಡಿ ಅಂತ ಪೊಲೀಸರಿಗೆ ಆದೇಶ ಕೊಡುವುದು ಮಂಡಳಿಯ ಕರ್ತವ್ಯ. ಅದಕ್ಕೆ ಹುಡುಗ ಕೈಮುಗಿದು ಬೇಡಿಕೊಳ್ಳಬೇಕಿಲ್ಲ. ಆದರೆ ಯಾರೂ ಕೇಳದಿದ್ದರೆ ಕಡತ ಹಾಗೇ ಉಳಿದುಬಿಡುತ್ತದೆ. ಕೇಂದ್ರದ 2016ರ ಮಾದರಿ ನಿಯಮಗಳಲ್ಲಿ, ದಾಖಲೆಯನ್ನು ಮೇಲ್ಮನವಿ ಅವಧಿ ಮುಗಿಯುವವರೆಗೆ ಅಥವಾ ಏಳು ವರ್ಷ ಇಡಬೇಕು, ಅದಕ್ಕಿಂತ ಜಾಸ್ತಿ ಇಡಬಾರದು ಅಂತಿದೆ. ಮೇಲ್ಮನವಿಗೆ ಇರುವುದು 30 ದಿನ. ಕಚೇರಿಗಳು ಏಳು ವರ್ಷವನ್ನೇ ಹಿಡಿದು ಕೂತರೆ ಏನಾಗುತ್ತದೆ ನೋಡಿ. 16ರಲ್ಲಿ ಆದ ಕೇಸಿನ ಕಡತ ಅವನಿಗೆ 23, 24 ಆಗುವವರೆಗೂ ಇರುತ್ತದೆ. ಅಷ್ಟರಲ್ಲಿ ಅಗ್ನಿವೀರರ ವಯಸ್ಸಿನ ಮಿತಿಯೇ ದಾಟಿರುತ್ತದೆ. ಹುಡುಗನಿಗೆ ರಕ್ಷಣೆ ಬೇಕಾಗುವ ಕಾಲದಲ್ಲೇ ಅದು ಕೈಗೆ ಸಿಗದಂತೆ ಆಗುತ್ತದೆ. ಅದಕ್ಕೇ ನೇಮಕಾತಿ ಕಾಗದಗಳನ್ನು ತೋರಿಸಿ, ಮೇಲ್ಮನವಿ ಅವಧಿ ಮುಗಿದಿದೆ, ಈಗಲೇ ಆದೇಶ ಮಾಡಿ ಅಂತ ಕೇಳುವುದು ಸರಿ.

ವಕೀಲರ ಖರ್ಚಿಗೆ ಹೆದರಬೇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಉಚಿತವಾಗಿ ವಕೀಲರನ್ನು ಕೊಡುವ ವ್ಯವಸ್ಥೆ ಇದೆ. 15100ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಕಾನೂನು ಇಷ್ಟು ಗಟ್ಟಿಯಾಗಿದ್ದರೆ ‘ಇಲ್ಲ’ ಅಂತ ಬರೆದರೆ ತಪ್ಪೇನು? ಈ ಪ್ರಶ್ನೆ ಅನ್ಯಾಯದ್ದಲ್ಲ. ಬಾಲಾಪರಾಧದ ವಿಷಯ ಹೇಳು ಅಂತ ಒತ್ತಾಯ ಮಾಡುವುದೇ ಆ ವ್ಯಕ್ತಿಯ ಖಾಸಗಿತನಕ್ಕೆ ಧಕ್ಕೆ, ಮುಚ್ಚಿಟ್ಟ ಅಂತ ಕೆಲಸ ನಿರಾಕರಿಸಬಾರದು ಅಂತ ಅಲಹಾಬಾದ್ ಹೈಕೋರ್ಟ್ ತೀರ್ಪು ಕೊಟ್ಟಿದೆ. ತತ್ವದ ದೃಷ್ಟಿಯಿಂದ ನಾನು ಆ ತೀರ್ಪಿನ ಪಕ್ಷದಲ್ಲೇ ಇದ್ದೇನೆ. ಕಾನೂನು ಮರೆತುಬಿಡು ಅಂದಿದ್ದನ್ನು ಫಾರ್ಮು ಮತ್ತೆ ಕೆದಕಬಾರದು.

ಆದರೆ ಸೇನೆಯ ಭರ್ತಿಗೂ ಬೇರೆ ಸರ್ಕಾರಿ ಕೆಲಸಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಸೇನೆಗೆ ದಾಖಲು ಮಾಡಿಕೊಳ್ಳುವ ದಿನ ಒಬ್ಬ ಅಧಿಕಾರಿಯ ಮುಂದೆ ಹುಡುಗ ನಿಲ್ಲಬೇಕು. 1950ರ ಸೇನಾ ಕಾಯ್ದೆಯ ಕಲಂ 13ರ ಪ್ರಕಾರ, ಆ ಅಧಿಕಾರಿ ನಿಗದಿತ ಫಾರ್ಮ್‌ನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತಾರೆ. ಸುಳ್ಳು ಉತ್ತರ ಕೊಟ್ಟರೆ ಶಿಕ್ಷೆಯಾಗುತ್ತದೆ ಅಂತ ಮೊದಲೇ ಎಚ್ಚರಿಸುತ್ತಾರೆ. ಬೇಕೆಂದೇ ಸುಳ್ಳು ಹೇಳಿದ್ದು ಆಮೇಲೆ ಗೊತ್ತಾದರೆ, ಕಲಂ 44ರ ಕೆಳಗೆ ಕೋರ್ಟ್ ಮಾರ್ಷಲ್ (ಸೇನೆಯದೇ ನ್ಯಾಯಾಲಯದ ವಿಚಾರಣೆ) ಆಗಿ ಐದು ವರ್ಷದವರೆಗೆ ಜೈಲಾಗಬಹುದು. ನಿಮ್ಮ ಮಾವ ಹೇಳಿದ ಜೈಲಿನ ಮಾತು ಇಲ್ಲಿಂದಲೇ ಬಂದಿರಬೇಕು. ಅಗ್ನಿವೀರರೂ ಇದೇ ಕಾಯ್ದೆಯ ಕೆಳಗೆ ಬರುತ್ತಾರೆ. ವಾಯುಪಡೆಯ ಕಾಯ್ದೆಯಲ್ಲೂ ಇದೇ ನಿಯಮ ಇದೆ.

ಆ ಫಾರ್ಮ್‌ನ ಪ್ರಶ್ನೆ ಎಷ್ಟು ಅಗಲವಾಗಿದೆ ಅನ್ನುವುದನ್ನೂ ನೋಡಬೇಕು. ಸೇನೆಯ ದಾಖಲಾತಿ ಫಾರ್ಮ್‌ನಲ್ಲಿ ಜೈಲಿಗೆ ಹೋಗಿದ್ದೀಯಾ, ವಿಚಾರಣೆ ನಡೆಯುತ್ತಿದೆಯಾ ಅಂತ ಮಾತ್ರ ಕೇಳಿ ಬಿಡುವುದಿಲ್ಲ. ನಿನ್ನ ಮೇಲೆ ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ಯಾವುದಾದರೂ ದೂರು ಹೋಗಿದೆಯಾ ಅಂತಲೂ ಕೇಳುತ್ತಾರೆ. ‘ಶಿಕ್ಷೆಯಾಗಿದೆಯಾ’ ಅಂತ ಕೇಳಿದ್ದರೆ ನಿಮ್ಮ ತಮ್ಮ ನಿಶ್ಚಿಂತೆಯಿಂದ ಇಲ್ಲ ಅನ್ನಬಹುದಿತ್ತು. ‘ದೂರು ಹೋಗಿತ್ತಾ’ ಅಂದರೆ, ಹೋಗಿತ್ತು. ಅಲ್ಲಿ ‘ಇಲ್ಲ’ ಅನ್ನುವುದು ಸುಳ್ಳೇ ಆಗುತ್ತದೆ. ಅದಕ್ಕೇ ನಾನು ಪ್ರಶ್ನೆಯನ್ನು ಅಕ್ಷರ ಬಿಡದೆ ಓದಿ ಅನ್ನುವುದು. ಬೇರೆ ಬೇರೆ ಹಂತದಲ್ಲಿ ಬೇರೆ ಬೇರೆ ಕಾಗದ ಬರುತ್ತವೆ. ರ‍್ಯಾಲಿಗೆ ತರಬೇಕಾದ ಹತ್ತು ರೂಪಾಯಿ ಛಾಪಾ ಕಾಗದದ ಅಫಿಡವಿಟ್ ಒಂದು. ನಡತೆಯ ಪರಿಶೀಲನೆಗೆ ತುಂಬುವ ಫಾರ್ಮು ಇನ್ನೊಂದು. ದಾಖಲಾಗುವ ದಿನದ ಪ್ರಶ್ನೆಗಳು ಮತ್ತೊಂದು. ಒಂದೊಂದರಲ್ಲೂ ಪ್ರಶ್ನೆಯ ಮಾತು ಬೇರೆ ಇರುತ್ತದೆ. ಎಲ್ಲದರಲ್ಲೂ ಉತ್ತರ ಮಾತ್ರ ಒಂದಕ್ಕೊಂದು ಹೊಂದಬೇಕು. ಝೆರಾಕ್ಸ್ ಅಂಗಡಿಯವರು ತಾವೇ ತುಂಬಿಕೊಟ್ಟ ಅಫಿಡವಿಟ್‌ಗೆ ಓದದೆ ಸಹಿ ಹಾಕಿಸಬೇಡಿ. ‘ನನ್ನ ಮೇಲೆ ಯಾವುದೇ ಕೇಸಿಲ್ಲ, ಇರಲಿಲ್ಲ’ ಅನ್ನುವ ಸಿದ್ಧ ವಾಕ್ಯ ಅದರಲ್ಲಿ ಮೊದಲೇ ಟೈಪ್ ಆಗಿರಬಹುದು. ಹುಡುಗರು ಇದರಲ್ಲಿ ತಿಳಿಯದೆ ಸಿಕ್ಕಿಕೊಳ್ಳುತ್ತಾರೆ.

ನಿಮ್ಮ ಕೇಸಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಸಾಮಾನ್ಯವಾಗಿ ಹದಿನೆಂಟರ ಒಳಗಿನವರ ಸಣ್ಣ ತಪ್ಪಿಗೆ ಎಫ್‌ಐಆರ್ ಹಾಕುವ ಹಾಗೇ ಇಲ್ಲ. ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಹುಡುಗನ ಮನೆ ಪರಿಸ್ಥಿತಿಯ ವರದಿ ಮಾಡಿ ಮಂಡಳಿಗೆ ಕಳಿಸಬೇಕು. ಘೋರ ಅಪರಾಧವಾದರೆ, ಇಲ್ಲವೇ ದೊಡ್ಡವರ ಜೊತೆ ಸೇರಿ ಮಾಡಿದ್ದಾದರೆ ಮಾತ್ರ ಎಫ್‌ಐಆರ್. ನಿಮ್ಮ ತಮ್ಮನದು ಎರಡನೆಯದು. ಮಂಡಳಿಯಲ್ಲಿ ಅವನ ವಿಷಯ ಮುಗಿದಿದೆ. ಆದರೆ ಅವನ ಹೆಸರಿರುವ ಅದೇ ಎಫ್‌ಐಆರ್ ನಿಮ್ಮ ದೊಡ್ಡಪ್ಪನ ಮಕ್ಕಳ ಕೇಸಿನಲ್ಲಿ ಇನ್ನೂ ಜೀವಂತವಾಗಿದೆ. ಪೊಲೀಸ್ ಕಂಪ್ಯೂಟರಿನಲ್ಲಿ ಹೆಸರು ಹಾಕಿ ಹುಡುಕಿದರೆ ಅದು ಕಾಣುವ ಸಾಧ್ಯತೆ ಜಾಸ್ತಿ. ಮಂಡಳಿ ದಾಖಲೆ ನಾಶಕ್ಕೆ ಆದೇಶ ಮಾಡಿದರೂ, ಅಣ್ಣಂದಿರ ಕೇಸಿನ ಕಾಗದಗಳು ಆ ಕೇಸು ಮುಗಿಯುವವರೆಗೆ ಉಳಿದೇ ಉಳಿಯುತ್ತವೆ. ‘ಯಾರಿಗೂ ಗೊತ್ತಾಗಲ್ಲ ಬಿಡು’ ಅನ್ನುವ ಮಾತು ನಿಮ್ಮ ವಿಷಯದಲ್ಲಿ ನಡೆಯುವುದಿಲ್ಲ.

ಹಾಗಂತ ಪೊಲೀಸರು ಇದನ್ನು ನೇಮಕಾತಿ ಕಚೇರಿಗೆ ಬರೆದು ಕಳಿಸಬಹುದೇ? ಕಳಿಸುವಂತಿಲ್ಲ. ನಡತೆ ಪ್ರಮಾಣಪತ್ರಕ್ಕಾಗಲಿ ಬೇರೆ ಯಾವ ಕಾರಣಕ್ಕಾಗಲಿ ಮಗುವಿನ ಯಾವ ದಾಖಲೆಯನ್ನೂ ಪೊಲೀಸರು ಬಯಲು ಮಾಡಬಾರದು ಅಂತ ಬಾಲ ನ್ಯಾಯ ಕಾಯ್ದೆಯ ಕಲಂ 74 ಹೇಳುತ್ತದೆ. ಮೊದಲು ಇದು ಮುಗಿದ ಕೇಸುಗಳಿಗೆ ಮಾತ್ರ ಇತ್ತು. 2021ರ ತಿದ್ದುಪಡಿಯ ನಂತರ ನಡೆಯುತ್ತಿರುವ ಕೇಸಿಗೂ ಅನ್ವಯಿಸುತ್ತದೆ. ಆದರೆ ಪರಿಶೀಲನೆಯ ಕಾಗದ ಕೊನೆಗೆ ಬರುವುದು ಠಾಣೆಯ ಒಬ್ಬ ಸಿಬ್ಬಂದಿಯ ಮೇಜಿಗೆ. ಅವರ ಮುಂದೆ ಹೆಸರಿನ ಪಟ್ಟಿ ಇರುತ್ತದೆ, ವಯಸ್ಸಿನ ಲೆಕ್ಕ ಇರುವುದಿಲ್ಲ. ‘ಇಂಥ ನಂಬರಿನ ಕೇಸಿನಲ್ಲಿ ಆರೋಪಿ’ ಅಂತ ಬರೆದು ಕಳಿಸಿಬಿಟ್ಟರೆ ಮುಗಿಯಿತು. ಹಾಗಾಗುವ ಮೊದಲೇ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಒಂದು ಪತ್ರ ಕೊಡಿ. ಪ್ರತಿ ಜಿಲ್ಲೆಯಲ್ಲೂ ಮಕ್ಕಳ ವಿಷಯಕ್ಕೆಂದೇ ವಿಶೇಷ ಪೊಲೀಸ್ ಘಟಕ ಇರಬೇಕು, ಡಿವೈಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ ಅದರ ಮುಖ್ಯಸ್ಥರು. ಅವರಿಗೂ ಒಂದು ಪ್ರತಿ ಕೊಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜನ್ಮದಿನಾಂಕ, ಘಟನೆಯ ದಿನಾಂಕ, ಮಂಡಳಿಯ ಆದೇಶದ ಪ್ರತಿ, ಕಲಂ 24 ಮತ್ತು 74ರ ಉಲ್ಲೇಖ, ಇಷ್ಟಿದ್ದರೆ ಸಾಕು. ಪತ್ರ ತಲುಪಿದ್ದಕ್ಕೆ ಮೊಹರು ಹಾಕಿಸಿಕೊಂಡು ಬನ್ನಿ.

ಇಷ್ಟೆಲ್ಲ ರಕ್ಷಣೆ ಇರುವಾಗ ತಾನಾಗಿ ಹೇಳಿಕೊಂಡರೆ ಮನೆಗೆ ಕಳಿಸುವುದಿಲ್ಲವೇ ಅನ್ನುವ ಭಯ ನಿಮ್ಮದು. ಸುಪ್ರೀಂ ಕೋರ್ಟಿನ ಎರಡು ತೀರ್ಪು ಇಲ್ಲಿ ಮುಖ್ಯ. ಒಂದು, 2016ರ ಜುಲೈನ ಅವತಾರ್ ಸಿಂಗ್ ಪ್ರಕರಣ. ಮೂವರು ನ್ಯಾಯಮೂರ್ತಿಗಳ ಪೀಠದ ತೀರ್ಪು. ಕೆಲಸಕ್ಕೆ ಸೇರುವಾಗ ಕೇಸಿನ ವಿಷಯ ಮುಚ್ಚಿಟ್ಟರೆ ಏನು ಅನ್ನುವ ಎಲ್ಲ ವಾದಗಳನ್ನೂ ಅದು ಒಟ್ಟಿಗೆ ಇಟ್ಟು ನೋಡಿತು. ಕೊಡುವ ಮಾಹಿತಿ ನಿಜವಾಗಿರಬೇಕು, ಮುಚ್ಚಿಡಬಾರದು ಅಂತ ಮೊದಲಿಗೇ ಹೇಳಿತು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ವಿಷಯವಾದರೆ, ಮುಚ್ಚಿಟ್ಟಿದ್ದರೂ ಕ್ಷಮಿಸಬಹುದು ಅಂತಲೂ ಹೇಳಿತು. ಆದರೆ ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕು ಅಂತಿಲ್ಲ, ಹಿನ್ನೆಲೆ ನೋಡುವ ಹಕ್ಕು ನೇಮಕ ಮಾಡುವವರಿಗೆ ಇದೆ ಅಂತಲೂ ಸೇರಿಸಿತು. ಇಲ್ಲಿ ನಿಲ್ಲಿಸಿದರೆ ನಿಮ್ಮ ಮಾವನ ಮಾತು ಅರ್ಧ ನಿಜವೆನ್ನಿಸುತ್ತದೆ. ಆದರೆ ಆ ತೀರ್ಪು ಹದಿನೆಂಟು ದಾಟಿದವರನ್ನೂ ಸೇರಿಸಿ ಹೇಳಿದ ಸಾಮಾನ್ಯ ಮಾತು.

ನಿಮ್ಮ ತಮ್ಮನಿಗೆ ಹತ್ತಿರದ್ದು ಎರಡನೆಯದು, 2019ರ ನವೆಂಬರ್‌ನ ರಮೇಶ್ ಬಿಷ್ಣೋಯ್ ಪ್ರಕರಣ. ಅವರು ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗೆ ಆಯ್ಕೆಯಾಗಿದ್ದರು. ಆರೋಪ ಬಂದಾಗ ಅವರಿಗೆ ಇನ್ನೂ 18 ತುಂಬಿರಲಿಲ್ಲ. ಕೇಸಿನಲ್ಲಿ ಖುಲಾಸೆಯೂ ಆಗಿತ್ತು. ಆದರೂ ನೇಮಕಾತಿ ತಡೆದರು. ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಬಾಲ ನ್ಯಾಯ ಕಾಯ್ದೆಯ ಉದ್ದೇಶವೇ ಬಾಲ್ಯದ ತಪ್ಪಿನ ಕಳಂಕವನ್ನು ಅಳಿಸುವುದು, ಆರೋಪ ಸಾಬೀತಾಗಿ ಶಿಕ್ಷೆಯಾಗಿದ್ದರೂ ಅದನ್ನು ಮುಂದೆ ಹಿಡಿಯುವಂತಿಲ್ಲ ಅನ್ನುವುದು ಆ ತೀರ್ಪಿನ ಸಾರ. ಬಂದೂಕು ಹಿಡಿಯುವ, ಶಿಸ್ತಿನ ಪಡೆಯ ವಿಷಯದಲ್ಲೇ ಈ ಮಾತು ಬಂದಿದೆ ಅನ್ನುವುದು ನಮಗೆ ದೊಡ್ಡ ಬಲ. ನೇಮಕಾತಿ ಕಚೇರಿ ತಕರಾರು ತೆಗೆದರೆ ಮೊದಲು ಮುಂದಿಡಬೇಕಾದದ್ದು ಇದನ್ನೇ.

ಈಗ ಎರಡು ದಾರಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿಜ ಬರೆದು, ಅದಕ್ಕಾಗಿ ತಡೆದರೆ, ಆಗ ನ್ಯಾಯಾಲಯದಲ್ಲಿ ಇರುವುದು ಒಂದೇ ಪ್ರಶ್ನೆ: ಬಾಲ್ಯದ ವಿಷಯವನ್ನು ಹಿಡಿದು ತಡೆಯಬಹುದೇ? ಅದಕ್ಕೆ ಉತ್ತರ ನಿಮ್ಮ ಪರವಾಗಿದೆ. ‘ಇಲ್ಲ’ ಅಂತ ಬರೆದು ಆಮೇಲೆ ಸಿಕ್ಕಿಬಿದ್ದರೆ ಇನ್ನೊಂದು ಪ್ರಶ್ನೆಯೂ ಸೇರಿಕೊಳ್ಳುತ್ತದೆ: ಅಧಿಕಾರಿಯ ಮುಂದೆ ಸುಳ್ಳು ಹೇಳಿದ್ದು ಸರಿಯೇ? ಆ ಸುಳ್ಳು ಹೇಳಿದ್ದು ಹದಿನಾರರ ಹುಡುಗ ಅಲ್ಲ, ಹತ್ತೊಂಬತ್ತರ ಯುವಕ. ಅದಕ್ಕೆ ಬಾಲ ನ್ಯಾಯ ಕಾಯ್ದೆಯ ರಕ್ಷಣೆ ಇದೆ ಅಂತ ವಾದಿಸಬಹುದು, ಗೆಲ್ಲಲೂಬಹುದು. ಆದರೆ ಎಷ್ಟು ವರ್ಷ ಬೇಕು? ಅಗ್ನಿವೀರರ ಸೇವೆಯೇ ನಾಲ್ಕು ವರ್ಷ. ಆಮೇಲೆ ಖಾಯಂ ಆಗುವುದು ನೂರಕ್ಕೆ ಹೆಚ್ಚೆಂದರೆ 25 ಜನ. ತರಬೇತಿಯ ಮಧ್ಯೆ ಮನೆಗೆ ಕಳಿಸಿ, ಕೇಸು ಹಾಕಿ, ಗೆದ್ದು ಬರುವಷ್ಟರಲ್ಲಿ ಅವನ ವಯಸ್ಸು, ಅವನ ಬ್ಯಾಚು ಎಲ್ಲ ಮುಂದೆ ಹೋಗಿರುತ್ತದೆ. ಸಮವಸ್ತ್ರದ ಪಡೆಗಳಲ್ಲಿ ಮುಚ್ಚಿಟ್ಟದ್ದನ್ನು ಇನ್ನೂ ಕಟ್ಟುನಿಟ್ಟಾಗಿ ನೋಡಬೇಕು ಅನ್ನುವ ಮಾತು 2022ರ ಸತೀಶ್ ಚಂದ್ರ ಯಾದವ್ ಪ್ರಕರಣದಲ್ಲೂ ಬಂದಿದೆ. 1,600 ಮೀಟರನ್ನು ಐದೂವರೆ ನಿಮಿಷದಲ್ಲಿ ಓಡಲು ಅವನು ಎಷ್ಟು ಬೆಳಗಿನ ನಿದ್ದೆ ಬಿಟ್ಟಿದ್ದಾನೋ ನಿಮಗೇ ಗೊತ್ತು. ಆ ದುಡಿಮೆಯನ್ನು ಒಂದು ‘ಇಲ್ಲ’ದ ಮೇಲೆ ಪಣಕ್ಕಿಡುವುದು ನನಗೆ ಸರಿ ಕಾಣುವುದಿಲ್ಲ.

ಮಂಡಳಿಯಲ್ಲಿ ಒಂಟಿಯಾಗಿ ವಿಚಾರಣೆಯಾಗಿ, ಎಫ್‌ಐಆರ್ ಇಲ್ಲದೆ, ದಾಖಲೆ ನಾಶದ ಆದೇಶವೂ ಆಗಿರುವ ಹುಡುಗರ ಪರಿಸ್ಥಿತಿ ಬೇರೆ. ಅವರಿಗೆ ಹೇಳದಿರುವ ಹಕ್ಕು ತುಂಬ ಬಲವಾಗಿದೆ. ಅಂಥವರು ತಮ್ಮ ಆದೇಶವನ್ನು ವಕೀಲರಿಗೆ ತೋರಿಸಿ, ಫಾರ್ಮ್‌ನ ಪ್ರಶ್ನೆಗೆ ಎದುರು ಇಟ್ಟು ಓದಿಸಿ ತೀರ್ಮಾನ ಮಾಡಲಿ. ನಿಮ್ಮ ತಮ್ಮನ ಕೇಸಿನಲ್ಲಿ ಎಫ್‌ಐಆರ್ ಇದೆ, ಅಣ್ಣಂದಿರ ಕೇಸು ನಡೆಯುತ್ತಿದೆ. ಹಾಗಾಗಿ ನನ್ನ ಸಲಹೆ ಬರೆಯುವುದೇ.

ಬರೆಯುವುದಾದರೆ ಹೇಗೆ? ಕಥೆ ಹೇಳಬಾರದು. ಯಾರು ಮೊದಲು ಹೊಡೆದರು, ಎದುರು ಪಾರ್ಟಿಯವರು ಎಂಥವರು, ಇದ್ಯಾವುದೂ ಬೇಡ. ಹೀಗಿದ್ದರೆ ಸಾಕು: “ನನಗೆ 16 ವರ್ಷವಾಗಿದ್ದಾಗ ಊರ ಜಾತ್ರೆಯಲ್ಲಿ ನಡೆದ ಜಗಳದ ಬಗ್ಗೆ ಒಂದು ದೂರು ದಾಖಲಾಗಿತ್ತು. ನನಗೆ 18 ತುಂಬಿರದ ಕಾರಣ ವಿಷಯ ಬಾಲ ನ್ಯಾಯ ಮಂಡಳಿಯ ಮುಂದೆ ಬಂದು, ಇಂಥ ದಿನಾಂಕದ ಆದೇಶದಲ್ಲಿ ಮುಗಿದಿದೆ. 2015ರ ಬಾಲ ನ್ಯಾಯ ಕಾಯ್ದೆಯ ಕಲಂ 24ರ ಪ್ರಕಾರ ಇದರಿಂದ ನನಗೆ ಅನರ್ಹತೆ ಇಲ್ಲ. ಆದೇಶದ ಪ್ರತಿ ಲಗತ್ತಿಸಿದೆ. ಬೇರೆ ಯಾವ ಕೇಸೂ ಇಲ್ಲ.” ಇದನ್ನು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಮೊದಲೇ ಬರೆಸಿ ಇಟ್ಟುಕೊಳ್ಳಿ. ಅಲ್ಲಿ ಹೋಗಿ ತಡವರಿಸುವುದು ಬೇಡ. ತುಂಬಿದ ಪ್ರತಿ ಫಾರ್ಮ್‌ನ ಫೋಟೊ ಇಟ್ಟುಕೊಳ್ಳಲು ಅವಕಾಶವಿದ್ದರೆ ಇಟ್ಟುಕೊಳ್ಳಿ. ನಾಳೆ ‘ನೀನು ಹೇಳಿರಲಿಲ್ಲ’ ಅಂದರೆ ತೋರಿಸಲು ಬೇಕಾಗುತ್ತದೆ. ಅಧಿಕಾರಿ ಬಾಯಿಮಾತಲ್ಲಿ ಕೇಳಿದರೆ ಅವನೇ ಉತ್ತರಿಸಲಿ, ಇಷ್ಟನ್ನೇ ಹೇಳಲಿ. ಮನೆಯಲ್ಲಿ ಒಂದೆರಡು ಸಲ ಹೇಳಿಸಿ ನೋಡಿ. ಹುಡುಗರು ಈ ವಿಷಯ ಬಂದರೆ ನಾಚಿಕೆಯಿಂದ ತಲೆ ತಗ್ಗಿಸಿ ಗೊಣಗುತ್ತಾರೆ, ಅದು ಏನನ್ನೋ ಅಡಗಿಸಿದ ಹಾಗೆ ಕಾಣುತ್ತದೆ. ಅವನು ತಲೆ ತಗ್ಗಿಸುವ ಕಾರಣ ಏನೂ ಇಲ್ಲ.

ಅಗ್ನಿವೀರರನ್ನು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆಯ ವಿಷಯದಲ್ಲೇ ಇನ್ನೊಂದು ಅನುಮಾನ ಹುಡುಗರಲ್ಲಿ ಉಳಿದಿದೆ. 2022ರ ಜೂನ್ 14ರಂದು ಯೋಜನೆ ಘೋಷಣೆಯಾದಾಗ ದೇಶದ ಹಲವು ಕಡೆ ಪ್ರತಿಭಟನೆ ನಡೆಯಿತು, ಧಾರವಾಡದಲ್ಲೂ ಹುಡುಗರು ಬೀದಿಗಿಳಿದಿದ್ದರು. ಹಿಂಸೆಯಲ್ಲಿ ಭಾಗಿಯಾಗಿಲ್ಲ ಅಂತ ಪ್ರತಿಯೊಬ್ಬರೂ ಬರೆದುಕೊಡಬೇಕು, ಪೊಲೀಸ್ ಪರಿಶೀಲನೆ ಆಗುತ್ತದೆ, ಎಫ್‌ಐಆರ್ ಇದ್ದವರು ಸೇರಲಾಗದು ಅಂತ ಜೂನ್ 19ರಂದು ಸೇನೆಯ ಹಿರಿಯ ಅಧಿಕಾರಿಗಳು ಹೇಳಿದರು. ಆ ಮಾತು ಹುಡುಗರ ಮನಸ್ಸಿನಲ್ಲಿ ‘ಎಫ್‌ಐಆರ್ ಅಂದರೆ ಮುಗೀತು’ ಅಂತ ಕೂತುಬಿಟ್ಟಿದೆ. ಪತ್ರಿಕಾಗೋಷ್ಠಿಯ ಮಾತು ಸಂಸತ್ತು ಮಾಡಿದ ಕಾಯ್ದೆಗಿಂತ ಮೇಲಲ್ಲ. ಹದಿನೆಂಟರ ಒಳಗಿದ್ದವರಿಗೆ ಕಲಂ 24 ಆಗಲೂ ಇತ್ತು, ಈಗಲೂ ಇದೆ.

ಯೂಟ್ಯೂಬಿನಲ್ಲಿ ಈ ವಿಷಯ ಹುಡುಕಿದರೆ ಅಮೆರಿಕದ ಸಲಹೆಗಳೂ ಎದುರಾಗುತ್ತವೆ. ಅಲ್ಲಿ ನ್ಯಾಯಾಲಯ ಮುಚ್ಚಿ ಮೊಹರು ಹಾಕಿದ ಬಾಲ್ಯದ ದಾಖಲೆಯನ್ನೂ ಸೇನೆಗೆ ಹೇಳಲೇಬೇಕು, ಹೇಳಿದ ಮೇಲೆ ವಿನಾಯಿತಿ ಕೇಳುವ ಪದ್ಧತಿ ಇದೆ. ನಮ್ಮ ಕಾನೂನಿನಲ್ಲಿ ವಿನಾಯಿತಿ ಬೇಡುವ ಮಾತೇ ಇಲ್ಲ, ಅನರ್ಹತೆಯೇ ಇಲ್ಲ. ಅಲ್ಲಿನ ಸಲಹೆ ನೋಡಿ ‘ದಯವಿಟ್ಟು ಕ್ಷಮಿಸಿ’ ಅಂತ ಮೂರು ಪುಟದ ಪತ್ರ ಬರೆಯಬೇಡಿ.

‘ಠಾಣೆಯಲ್ಲಿ ನಮ್ಮವರಿದ್ದಾರೆ, ಇಷ್ಟು ಕೊಟ್ಟರೆ ಹೆಸರು ತೆಗೆಸುತ್ತೇನೆ’ ಅಂತ ಬರುವ ದಲ್ಲಾಳಿಗಳನ್ನು ಹತ್ತಿರ ಸೇರಿಸಬೇಡಿ. ಎಫ್‌ಐಆರ್‌ನಿಂದ ಹೆಸರು ತೆಗೆಯುವುದು ಯಾವ ಸಿಬ್ಬಂದಿಯ ಕೈಯಲ್ಲೂ ಇಲ್ಲ. ದುಡ್ಡೂ ಹೋಗುತ್ತದೆ, ಲಂಚ ಕೊಟ್ಟ ಹೊಸ ಅಪರಾಧವೂ ಅಂಟುತ್ತದೆ. ಅದನ್ನು ಮಾಡಿದ್ದು ಹತ್ತೊಂಬತ್ತರ ವಯಸ್ಸಿನಲ್ಲಿ ಅಂತಾಗುತ್ತದೆ.

ಅಣ್ಣಂದಿರ ಕೇಸಿನ ಬಗ್ಗೆ. ಎರಡೂ ಮನೆಯವರು ಈಗ ಮಾತಾಡುತ್ತಿದ್ದರೆ ರಾಜಿಗೆ ಪ್ರಯತ್ನಿಸಿ. 323 ಮತ್ತು 504 ರಾಜಿಯಾಗಬಲ್ಲವು. 324 ನೇರವಾಗಿ ಆಗುವುದಿಲ್ಲ. ಆದರೆ ಇಂಥ ಖಾಸಗಿ ಜಗಳದಲ್ಲಿ ಎರಡೂ ಕಡೆಯವರು ಒಪ್ಪಿದರೆ ಇಡೀ ಪ್ರಕರಣ ರದ್ದು ಮಾಡುವ ಅಧಿಕಾರ ಹೈಕೋರ್ಟಿಗೆ ಇದೆ. ಬೆಳಗಾವಿ ಜಿಲ್ಲೆಗೆ ಧಾರವಾಡ ಪೀಠ. ಆ ಕೇಸು ಮುಗಿದರೆ ನಿಮ್ಮ ತಮ್ಮನ ಹೆಸರು ಹೊತ್ತ ಕೊನೆಯ ಕಾಗದವೂ ಮುಗಿದ ಹಾಗೆ. ಆದರೆ ಅದಕ್ಕಾಗಿ ಭರ್ತಿಯ ದಿನಾಂಕ ಕಳೆದುಕೊಳ್ಳಬೇಡಿ. ಅದರ ಪಾಡಿಗೆ ಅದು ನಡೆಯಲಿ.

ಇಷ್ಟಾದರೂ ನೇಮಕಾತಿ ಕಚೇರಿ ಬೇಡ ಅಂದರೆ, ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಕಾರಣ ಈ ಕೇಸೇ ಅಂತಾದರೆ, ಸೇನೆಗೆ ದಾಖಲಾಗುವ ಮೊದಲಾದ್ದರಿಂದ ರಿಟ್ ಅರ್ಜಿ (ಸರ್ಕಾರದ ತೀರ್ಮಾನವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿ) ಹಾಕಬೇಕಾದದ್ದು ಧಾರವಾಡ ಪೀಠದಲ್ಲೇ. ದಾಖಲಾದ ಮೇಲೆ ತರಬೇತಿಯಿಂದ ಬಿಡಿಸಿದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬೇಕು. ಎರಡರಲ್ಲೂ ತಡ ಮಾಡಬಾರದು. ಆ ಬ್ಯಾಚಿನ ತರಬೇತಿ ಶುರುವಾಗುವ ಮೊದಲೇ ಅರ್ಜಿ ಬಿದ್ದರೆ, ಅವನಿಗಾಗಿ ಒಂದು ಸ್ಥಾನ ಖಾಲಿ ಇಡಿ ಅಂತ ಮಧ್ಯಂತರ ಆದೇಶ ಕೇಳಲು ಅವಕಾಶ ಇರುತ್ತದೆ.

ಫಾರ್ಮು, ಅಧಿಕಾರಿ ಇಷ್ಟು ಬಿಟ್ಟರೆ ಬೇರೆ ಯಾರಿಗೂ ಇದನ್ನು ಹೇಳುವ ಅಗತ್ಯ ನಿಮ್ಮ ತಮ್ಮನಿಗಿಲ್ಲ. ಜೊತೆಗೆ ಓಡುವ ಹುಡುಗರಿಗೆ ಬೇಡ, ಕೋಚಿಂಗ್‌ನವರಿಗೂ ಬೇಡ. ನಡತೆ ಪತ್ರ ಬರೆಯುವಾಗ ಊರಿನ ಯಾರಾದರೂ ‘ಹಿಂದೆ ಒಂದು ಕೇಸಿತ್ತಲ್ಲ’ ಅಂತ ಸೇರಿಸಲು ಹೊರಟರೆ, ಮಂಡಳಿಯ ಆದೇಶ ತೋರಿಸಿ, ಅದನ್ನು ಬರೆಯುವಂತಿಲ್ಲ ಅಂತ ಗಟ್ಟಿಯಾಗಿಯೇ ಹೇಳಿ. ನಾಳೆಯೇ ಮಂಡಳಿಗೆ ಹೋಗಿ ದೃಢೀಕೃತ ಪ್ರತಿಗೆ ಅರ್ಜಿ ಕೊಡಿ. ಹೋಗುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಎಫ್‌ಐಆರ್ ನಂಬರು, ರ‍್ಯಾಲಿಯ ಪ್ರವೇಶಪತ್ರ ಜೊತೆಗಿರಲಿ. ತಮ್ಮನನ್ನೂ ಕರೆದುಕೊಂಡು ಹೋಗಿ, ಅರ್ಜಿಗೆ ಅವನ ಸಹಿಯೇ ಬೇಕಾಗುತ್ತದೆ.